ಅವಳಿಯ ಊರು

ನಿವೆಸ್ ಮತ್ತು ಅವಳ ಗಂಡ ಓರೆಸ್ತೆ ಗುಡ್ಡದ ಮೇಲಿನ ಊರಾದ ಪೆರೂಜಾದಲ್ಲಿ ಬಂದಿಳಿದಾಗ ಜಡಿಮಳೆ ಹಿಡಿದಿತ್ತು. ಅಂದು ಸಂತರ ಹಬ್ಬ, ಮಾರನೆಯ ದಿನ ಸಮಾಧಿಗಳಿಗೆ ಹೂವಿಡುವ ಸತ್ತವರ ಹಬ್ಬ. ಓರೆಸ್ತೆಯ ಅವಳಿ ಅಣ್ಣ ಎಲ್ವಿಯೊ ಹೋದ ಚಳಿಗಾಲದಲ್ಲಿ ಈ ಊರಿನಲ್ಲೇ ತೀರಿಕೊಂಡಿದ್ದ. ಅವನಿಗೆ ತಮ್ಮನೊಬ್ಬನಿದ್ದಾನೆಂದು ಇಗರ್ಜಿಯ ಪಾದ್ರಿಗೆ ತಿಳಿದು, ಅವರು ಫೋನು ಮಾಡುವಷ್ಟರಲ್ಲಿ ಅಂತ್ಯಕ್ರಿಯೆ ಮುಗಿದಿತ್ತು. ಆಮೇಲೆ ವಸಂತ ಬಂತು, ಬೇಸಗೆ ಬಂತು. ಕಡಲಂಚಿನ ತಮ್ಮೂರಿನಲ್ಲಿ ಕಪ್ಪೆಚಿಪ್ಪು ಹಿಡಿಯುವ ಕೆಲಸಕ್ಕೆ ಬಿಡುವಿಲ್ಲ ಎಂದು ಓರೆಸ್ತೆ ಹೊರಡುವುದನ್ನು ಮುಂದೂಡುತ್ತಲೇ ಬಂದ. ಕೊನೆಗೆ ನಿವೆಸ್ ತಾನೇ ರೈಲಿನ ಟಿಕೆಟು ತಂದು ಊಟದ ಮೇಜಿನ ಮೇಲಿಟ್ಟಿದ್ದಳು.

"ಇವತ್ತು ಊರು ನೋಡೋಣ. ಅವನ್ನ ನಾಳೆ ನೋಡಿದ್ರಾಯ್ತು," ಎಂದು ಓರೆಸ್ತೆ ರೈಲಿನಲ್ಲೇ ಹೇಳಿದ್ದ. ಊರು ನೋಡುವ ಚಪಲ ಅವನಿಗೆ ಯಾವತ್ತೂ ಇದ್ದದ್ದಲ್ಲ.

ಕೆಳಗಿನ ನಿಲ್ದಾಣದಿಂದ ಮೇಲಿನ ಊರಿಗೆ ಹೋಗಲು ಹಳೆಯ ಕೋಟೆಯ ಹೊಟ್ಟೆಯೊಳಗೆ ತಾನಾಗಿ ಚಲಿಸುವ ಮೆಟ್ಟಿಲುಗಳಿವೆ. ಯಾವ ಕಾಲದಲ್ಲೋ ಒಬ್ಬ ಪೋಪ್ ಸಿಟ್ಟಿನಿಂದ ಇಡೀ ಒಂದು ಕೇರಿಯನ್ನು ಮುಚ್ಚಿ ಅದರ ನೆತ್ತಿಯ ಮೇಲೆ ಈ ಕೋಟೆ ಕಟ್ಟಿಸಿದ್ದ. ಕೇರಿ ಒಳಗೆ ಹಾಗೇ ಉಳಿದಿದೆ: ಓಣಿ, ಮನೆಯ ಬಾಗಿಲು, ಕಿಟಕಿ, ಮೇಲೆ ಮಾತ್ರ ಆಕಾಶವಿಲ್ಲ, ಇಟ್ಟಿಗೆಯ ಕಮಾನು. ಅಲ್ಲಿ ಮಳೆ ಬೀಳದಿದ್ದರೂ ಗೋಡೆಗಳು ಬೆವರುತ್ತಿದ್ದವು.

"ನಿಮ್ಮಣ್ಣಂಗೆ ಬೇರೆ ಊರೇ ಸಿಗ್ಲಿಲ್ವಾ? ಇಷ್ಟೆತ್ತರ!" ಎಂದಳು ನಿವೆಸ್.

"ನೀರು ಅಂದ್ರೆ ಆಗ್ತಿರ್ಲಿಲ್ಲ ಅವನಿಗೆ. ಎಷ್ಟು ಹತ್ತೋಕಾಗತ್ತೋ ಅಷ್ಟು ಹತ್ತಿದಾನೆ."

"ಈಗ ನೋಡು, ನೀರೇ ಅವನ್ನ ಹುಡುಕ್ಕೊಂಡು ಬಂದಿದೆ."

ಓರೆಸ್ತೆ ನಕ್ಕ. ಅಷ್ಟರಲ್ಲಿ ಎದುರಿನ ಮೆಟ್ಟಿಲ ಸಾಲಿನಲ್ಲಿ ಇಳಿಯುತ್ತಿದ್ದ ಒಬ್ಬ ಮುದುಕಿ ಅವನನ್ನು ಕಂಡಳು. ಅವಳ ಬಾಯಿ ತೆರೆದುಕೊಂಡಿತು. ಕೈಚೀಲ ಹಿಡಿದಿದ್ದ ಕೈ ಹಾಗೇ ಮೇಲೆದ್ದು ಹಣೆಯಿಂದ ಎದೆಗೆ ಶಿಲುಬೆ ಗುರುತು ಹಾಕಿತು. ಮೆಟ್ಟಿಲು ಅವಳನ್ನು ಕೆಳಗೆ ಒಯ್ಯುತ್ತಿದ್ದರೂ ಅವಳು ಕತ್ತು ಹಿಂದಕ್ಕೆ ತಿರುಗಿಸಿ, ಕಮಾನಿನ ಕತ್ತಲು ನುಂಗುವವರೆಗೂ ನೋಡುತ್ತಲೇ ಇದ್ದಳು. ಓರೆಸ್ತೆಯ ಗಮನ ಅತ್ತ ಹೋಗಲಿಲ್ಲ. ನಿವೆಸ್ ನೋಡಿದಳು.

ಹೋಟೆಲಿನಲ್ಲಿ ಪೆಟ್ಟಿಗೆ ಇಟ್ಟು, ಕೊಡೆ ಹಿಡಿದು ಇಬ್ಬರೂ ಹೊರಬಿದ್ದರು. ದೊಡ್ಡ ಬೀದಿಯ ಕೊನೆಯಲ್ಲಿ ಕಾರಂಜಿ, ಕಾರಂಜಿಯ ಕಲ್ಲಿನ ತೊಟ್ಟಿಯ ಮೇಲೆ ಮಳೆಯ ನೀರು ಕುಣಿಯುತ್ತಿತ್ತು. ಹಬ್ಬದ ರಜೆ, ಅರ್ಧ ಅಂಗಡಿಗಳು ಮುಚ್ಚಿದ್ದವು. ಪ್ರಧಾನ ಇಗರ್ಜಿಯ ಮೆಟ್ಟಿಲ ಮೇಲೆ ಒಬ್ಬ ಗಂಡಸು ಓರೆಸ್ತೆಗೆ ಟೋಪಿ ಎತ್ತಿ ವಂದಿಸಿದವನು, ಎತ್ತಿದ ಟೋಪಿಯನ್ನು ಮರಳಿ ಇಡುವುದನ್ನು ಮರೆತು ಮಳೆಯಲ್ಲೇ ನಿಂತುಬಿಟ್ಟ. ಇಳಿಜಾರಿನಲ್ಲಿ ಬರುತ್ತಿದ್ದ ಬಸ್ಸೊಂದು ಅವರ ಪಕ್ಕ ನಿಧಾನಿಸಿತು. ಚಾಲಕ ಹಾರ್ನು ಒತ್ತಲು ಕೈ ಎತ್ತಿದ್ದವನು ಒತ್ತಲೇ ಇಲ್ಲ. ವೈಪರು ಅತ್ತಿತ್ತ ಆಡುತ್ತಿದ್ದ ಗಾಜಿನ ಹಿಂದೆ ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

"ಏನು ಈ ಊರಿನವರು, ಮನುಷ್ಯರನ್ನೇ ಕಂಡಿಲ್ವಾ?" ಎಂದ ಓರೆಸ್ತೆ.

ನಿವೆಸ್‌ಗೆ ಆಗಲೇ ಅರ್ಥವಾಗಿತ್ತು. ಎಲ್ವಿಯೊ ಇಲ್ಲಿ ಬಸ್ಸು ಓಡಿಸುತ್ತಿದ್ದನೆಂದು ಪಾದ್ರಿ ಹೇಳಿದ್ದರು. ಬಸ್ಸಿನ ಚಾಲಕನ ಮುಖ ಊರಿಗೆಲ್ಲ ಗೊತ್ತು. "ಓರೆಸ್ತೆ, ಇವರ ಕಣ್ಣಿಗೆ ಕಾಣ್ತಿರೋದು ನೀನಲ್ಲ," ಎಂದಳು.

ಅವನು ನಡೆಯುವುದನ್ನು ನಿಲ್ಲಿಸಿದ. ಮುಚ್ಚಿದ ಅಂಗಡಿಯೊಂದರ ಗಾಜಿನಲ್ಲಿ ಅವನ ಆಕೃತಿ ಮಳೆಯ ಹನಿಗಳ ಹಿಂದೆ ಅಲುಗುತ್ತಿತ್ತು. ಅದನ್ನು ತುಸು ಹೊತ್ತು ನೋಡಿ ಕೋಟಿನ ಕಾಲರು ಮೇಲೆತ್ತಿಕೊಂಡ. "ಎಲ್ಲಾದ್ರೂ ಒಳಗೆ ಹೋಗೋಣ ಬಾ," ಎಂದ.

ಓಣಿಯಲ್ಲಿ ಒಂದು ಸಣ್ಣ ಬಾರು ತೆರೆದಿತ್ತು. ಅದರ ಯಜಮಾನ ಸೆತ್ತಿಮಿಯೊ ಬಾಗಿಲಿಗೆ ಬೆನ್ನು ಹಾಕಿ ಬಟ್ಟಲು ಒರೆಸುತ್ತಿದ್ದ. ಎದುರಿನ ಕನ್ನಡಿಯಲ್ಲಿ ಬಂದವನ ಮುಖ ಒಂದು ಸಲ ಕಂಡಿತೇನೋ. "ಬಾಗಿಲು ಹಾಕ್ಕೊಂಡ್ ಬಾರೋ, ಚಳಿ ಒಳಗೆ ಬರತ್ತೆ," ಎನ್ನುತ್ತಲೇ ಸಣ್ಣ ಲೋಟ ತೆಗೆದ, ಬೇರುಗಳ ಕಹಿ ಮದ್ಯ ಸುರಿದ, ನಿಂಬೆಯ ಸಿಪ್ಪೆ ಹಾಕಿದ, ತಿರುಗಿ ಲೋಟವನ್ನು ಮುಂದೆ ತಳ್ಳಿದ. ಅಲ್ಲಿಗೆ ಕೈ ನಿಂತಿತು.

"ಯಾರು ನೀನು?" ಎಂದ, ಪಿಸುದನಿಯಲ್ಲಿ.

"ಅವನ ತಮ್ಮ. ಅವಳಿ."

"ತಮ್ಮನಾ!" ಸೆತ್ತಿಮಿಯೊ ಸ್ಟೂಲು ಎಳೆದುಕೊಂಡು ಕುಸಿದು ಕೂತ. "ಇಷ್ಟು ವರ್ಷ ಇದೇ ಜಾಗದಲ್ಲಿ ನಿಂತು ಕುಡಿದ, ಒಂದಿನ ಬಾಯಿ ಬಿಟ್ಟಿದ್ರೆ ಕೇಳಿ. ನನ್ನ ಎದೆ ಒಡೆದೇ ಹೋಗ್ತಿತ್ತಲ್ರೀ." ಆಮೇಲೆ ಅವನಿಗೆ ಏನೋ ಹೊಳೆದಂತಾಯಿತು. "ಎರ್ಸಿಲಿಯಾನ ನೋಡಿದ್ರಾ?"

"ಅದ್ಯಾರು?"

ಸೆತ್ತಿಮಿಯೊ ಗಂಡನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಮದುವೆ ಅಂತ ಆಗಿರ್ಲಿಲ್ಲ. ಆದ್ರೆ ಅವಳ ಮನೇಲೇ ಇದ್ದ, ಕೊನೇ ತನಕ. ಈಗ ಅವಳಿಗೆ ನೆನಪು ನಿಲ್ಲಲ್ಲ. ಎಲ್ವಿಯೊ ಹೋದ ಅಂತ ಹೇಳ್ತೀವಿ, ಎದೆ ಬಡ್ಕೊಂಡು ಅಳ್ತಾಳೆ. ಸಾಯಂಕಾಲ ಆಯ್ತು ಅಂದ್ರೆ ಮತ್ತೆ ಕಿಟಕೀಲಿ ಕೂತು, ಅವನ ಬಸ್ಸು ಇನ್ನೂ ಬರ್ಲಿಲ್ವಲ್ಲ ಅಂತಾಳೆ. ಎಷ್ಟು ಸಲ ಅಂತ ಸಾಯಿಸೋದು ಅವನ್ನ? ಹೇಳೋದೇ ಬಿಟ್ವಿ." ಮೇಜು ಒರೆಸುವ ಬಟ್ಟೆಯನ್ನು ಹಿಂಡುತ್ತಾ ಹೇಳಿದ: "ಒಂದು ಮಾತು ನಡೆಸಿಕೊಡಿ. ಊರೆಲ್ಲ ಸುತ್ತಿ, ಹಳೇ ನೀರಿನ ಸೇತುವೆ ಇದೆಯಲ್ಲ, ಮೇಲ್ಗಾಲುವೆ, ಆ ಕಡೆ ಮಾತ್ರ ಹೋಗ್ಬೇಡಿ. ಅವಳ ಕಿಟಕಿ ಇರೋದು ಅಲ್ಲೇ. ಈ ಮುಖ ಇಟ್ಕೊಂಡು ಖಂಡಿತ ಬೇಡ."

"ಹೋಗಲ್ಲ," ಎಂದ ಓರೆಸ್ತೆ. ಎದುರಿಗಿದ್ದ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದ. ಕಹಿ ಎಂದರೆ ಮುಖ ಕಿವುಚುವ ಮನುಷ್ಯ ಅವನು. ಕಾಫಿಗೂ ಸಕ್ಕರೆ ಹೆಚ್ಚು ಬೇಕು. ಈಗ ಹುಬ್ಬು ಕೂಡ ಅಲುಗಲಿಲ್ಲ.

ಹೊರಗೆ ಬಂದಾಗ ಮಳೆ ಇನ್ನೂ ಜೋರಾಗಿತ್ತು. ಓರೆಸ್ತೆ ಬೀದಿಯ ಕೆಳಗಡೆಗೆ ಹೆಜ್ಜೆ ಹಾಕಿದ.

"ಹೋಟೆಲ್ ಆ ಕಡೆ ಕಣೋ."

"ಇದು ಅಡ್ಡದಾರಿ."

"ನಿಂಗೆ ಹೇಗ್ ಗೊತ್ತು?"

ಅವನು ಆಗಲೇ ಒಂದು ಕಮಾನಿನ ಕೆಳಗೆ ನುಸುಳಿ, ಎಡಕ್ಕೆ ತಿರುಗಿ, ಹಿಡಿಗಂಬಿಯಿಲ್ಲದ ಕಡಿದಾದ ಮೆಟ್ಟಿಲು ಇಳಿದು ಹೋಗುತ್ತಿದ್ದ. ಎಲ್ಲೂ ನಿಂತು ನೋಡಲಿಲ್ಲ. ಜಾರುವ ಮೆಟ್ಟಿಲು ಬಂದಾಗ ಅದನ್ನು ದಾಟಿ ಮುಂದಿನದಕ್ಕೆ ಕಾಲಿಟ್ಟ. ನಿವೆಸ್ ಅದೇ ಮೆಟ್ಟಿಲ ಮೇಲೆ ಜಾರಿ ಗೋಡೆ ಹಿಡಿದುಕೊಂಡಳು. ಕೂಗಬೇಕೆಂದುಕೊಂಡಳು. ಯಾವ ಹೆಸರು ಹಿಡಿದು ಕೂಗಬೇಕು ಎಂಬ ಯೋಚನೆ ಒಂದು ಕ್ಷಣ ಬಂದು, ಬಂದದ್ದಕ್ಕೇ ಬೆದರಿ, ಸುಮ್ಮನೆ ಅವನ ಹಿಂದೆ ಓಡಿದಳು.

ಓಣಿ ಮುಗಿದಲ್ಲಿ ಇಬ್ಬರೂ ಒಂದು ಉದ್ದನೆಯ ಸೇತುವೆಯಂಥ ದಾರಿಯ ಮೇಲೆ ನಿಂತಿದ್ದರು. ಅದೇ ಮೇಲ್ಗಾಲುವೆ: ಹಿಂದೆ ಇದರ ಮೇಲೆ ಕಾರಂಜಿಗೆ ನೀರು ಹರಿಯುತ್ತಿತ್ತು, ಈಗ ಜನ ನಡೆಯುತ್ತಾರೆ. ಎರಡೂ ಬದಿಯ ಮನೆಗಳ ಮೇಲಂತಸ್ತಿನ ಕಿಟಕಿಗಳು ಕೈಗೆಟಕುವಷ್ಟು ಹತ್ತಿರ. ಓರೆಸ್ತೆ ನಿದ್ದೆಯಿಂದ ಎದ್ದವನ ಹಾಗೆ ಸುತ್ತಲೂ ನೋಡಿದ.

"ನಾನು ಹೋಟೆಲ್ಲಿಗೇ ಹೊರಟಿದ್ದೆ ಕಣೆ. ದೇವರಾಣೆ."

"ವಾಪಸ್ ಹೋಗೋಣ, ಬಾ," ಎಂದು ನಿವೆಸ್ ಅವನ ತೋಳು ಹಿಡಿದಳು. ಅಷ್ಟರಲ್ಲಿ ಒಂದು ಕಿಟಕಿ ತೆರೆಯಿತು.

"ಎಲ್ವಿಯೊ! ಈಗ ಬಂದ್ಯಾ? ಸೂಪು ಆರಿ ಕಲ್ಲಾಯ್ತು!"

ಬಿಳಿಯ ಕೂದಲು ಬಿಚ್ಚಿಕೊಂಡಿದ್ದ, ಹಕ್ಕಿಯ ಹಾಗೆ ಸಣಕಲಾದ ಹೆಂಗಸು. ಮಳೆಗೆ ಮುಖವೊಡ್ಡಿ ಅರ್ಧ ದೇಹ ಹೊರಗೆ ಚಾಚಿದ್ದಳು. ಹಿಂದಿನಿಂದ ಯಾರೋ ಅವಳ ಸೊಂಟ ಹಿಡಿದು ಒಳಗೆಳೆದರು. ಸ್ವಲ್ಪ ಹೊತ್ತಿಗೆ ಕೆಳಗಿನ ಬಾಗಿಲಿನಿಂದ ದಪ್ಪನೆಯ ನಡುವಯಸ್ಸಿನ ಹೆಂಗಸೊಬ್ಬಳು ಮನೆಯೊಳಗಿನ ಚಪ್ಪಲಿಯಲ್ಲೇ ಓಡಿಬಂದಳು. ಎರ್ಸಿಲಿಯಾಳನ್ನು ನೋಡಿಕೊಳ್ಳುವ ಓಲೆನಾ, ಉಕ್ರೇನಿನವಳು. ಓರೆಸ್ತೆಯ ಮುಖ ನೋಡಿದ ಅವಳೂ ಒಂದು ಹೆಜ್ಜೆ ಹಿಂದೆ ಸರಿದಳು. ನಿವೆಸ್ ಎರಡು ಮಾತಿನಲ್ಲಿ ಸಂಗತಿ ಹೇಳಿದ ಮೇಲೆ ಓಲೆನಾ ಉಸಿರು ಬಿಟ್ಟಳು.

"ಅಕ್ಕಾ, ನಿನ್ನೆಯಿಂದ ಒಂದು ತುತ್ತು ಇಳಿಸಿಲ್ಲ ಅವರು. ಅವನು ಬರಲಿ, ಒಟ್ಟಿಗೆ ತಿಂತೀನಿ ಅಂತಾರೆ. ಒಂದೇ ಒಂದು ಗಳಿಗೆ ಎದುರಿಗೆ ಕೂತು ತಿಂದು ಹೋಗ್ಲಿ ಇವರು. ಕಾಲಿಗೆ ಬೀಳ್ತೀನಿ."

"ಆಗಲ್ಲ," ಎಂದ ಓರೆಸ್ತೆ. "ಸತ್ತವನ ವೇಷ ಹಾಕು ಅಂತೀರಾ? ನನ್ನಿಂದಾಗಲ್ಲ."

"ಆಗತ್ತೆ," ಎಂದಳು ನಿವೆಸ್. "ಹಸಿದಿದಾಳೆ. ನಡಿ."

ಮನೆ ಚಿಕ್ಕದು. ಒಲೆಯ ಬಿಸಿ, ಬೇಯಿಸಿದ ಕಾಳಿನ ವಾಸನೆ. ಓಲೆನಾ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಓರೆಸ್ತೆ ನೀರಿಳಿಯುತ್ತಿದ್ದ ಕೋಟು ಬಿಚ್ಚಿದ. ಗೂಟ ಎಲ್ಲಿದೆ ಎಂದು ಹುಡುಕಲಿಲ್ಲ, ಬಾಗಿಲ ಹಿಂದೆ ಕೈ ಚಾಚಿ ನೇತುಹಾಕಿದ. ಒಲೆಯ ಪಕ್ಕದ ಪರದೆಯ ಹಿಂದೆ ಕೈ ಹಾಕಿ ಟವೆಲು ತೆಗೆದು ತಲೆ ಒರೆಸಿಕೊಂಡ. ಓಲೆನಾ ಮತ್ತು ನಿವೆಸ್ ಒಬ್ಬರನ್ನೊಬ್ಬರು ನೋಡಿದರು. ಪರದೆಯ ಹಿಂದೆ ಟವೆಲಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಕೂತ್ಕೋ," ಎಂದಳು ಎರ್ಸಿಲಿಯಾ. "ಮುಖ ನೋಡು, ಹೆದರಿದ ಬೆಕ್ಕಿನ ಹಾಗೆ. ಮತ್ತೆ ಬ್ರೇಕು ಕೆಟ್ಟಿತಾ?"

"ಹೂಂ... ಬ್ರೇಕು," ಎಂದ ಓರೆಸ್ತೆ.

"ನೀನಿರೋ ತನಕ ಆ ಬಸ್ಸು ಸರಿಹೋಗಲ್ಲ ಬಿಡು."

ಹೆಂಚಿನ ಮೇಲೆ ಸುಟ್ಟ ದಪ್ಪ ರೊಟ್ಟಿ, ಕಾಳಿನ ಸೂಪು. ಅವನು ತಿಂದ. ಅವನ ಚಮಚ ಮೇಲೆದ್ದಾಗ ಅವಳ ಚಮಚವೂ ಮೇಲೆದ್ದಿತು. ಓಲೆನಾ ಮುಖ ತಿರುಗಿಸಿ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಅರ್ಧ ಬಟ್ಟಲು ಖಾಲಿಯಾದ ಮೇಲೆ ಎರ್ಸಿಲಿಯಾಳ ದೃಷ್ಟಿ ಗೋಡೆಯ ಬಳಿ ನಿಂತಿದ್ದ ನಿವೆಸ್ ಮೇಲೆ ಬಿತ್ತು.

"ಇವಳ್ಯಾರು?"

ಓರೆಸ್ತೆ ತಿರುಗಿ ನಿವೆಸ್ ಕಡೆ ನೋಡಿದ.

"ದಾರಿಹೋಕಳಮ್ಮ," ಎಂದಳು ನಿವೆಸ್. "ಮಳೆ ಅಂತ ಒಳಗೆ ಬಂದೆ."

"ಶೂ ಎಲ್ಲ ತೊಯ್ದು ತೊಪ್ಪೆ. ತೆಗಿಯೇ, ತೆಗೆದು ಒಲೆ ಹತ್ರ ಇಡು." ನಿವೆಸ್ ಶೂ ತೆಗೆದು ಬರಿಗಾಲಲ್ಲಿ ನಿಂತಳು. ಎರ್ಸಿಲಿಯಾ ಆ ಪಾದಗಳನ್ನೇ ನೋಡುತ್ತಾ ನಗತೊಡಗಿದಳು. "ಎಲ್ವಿಯೊ, ನಿಮ್ಮೂರಿನ ಆ ಹುಡುಗಿ ಹಾಗೇ ಅಲ್ವಾ? ನದಿ ಏರಿ ಮೇಲೆ ಬರಿಗಾಲಲ್ಲಿ ಕುಣಿದ್ಳು ಅಂತಿದ್ಯಲ್ಲ. ಅವಳ ಶೂ ನಿನ್ನ ಜೇಬಲ್ಲಿ, ಒಂದು ಈ ಕಡೆ, ಒಂದು ಆ ಕಡೆ. ಹೇಳು, ಹೇಳು, ನೀನು ಹೇಳಿದ್ರೇ ಚೆಂದ."

ಓರೆಸ್ತೆಯ ಚಮಚ ಬಟ್ಟಲಿನೊಳಕ್ಕೆ ಜಾರಿತು.

"ಹೇಳಲ್ವಾ? ನಾನೇ ಹೇಳ್ತೀನಿ," ಎಂದು ಅವಳು ನಿವೆಸ್ ಕಡೆ ತಿರುಗಿದಳು. "ಇವನ ತಮ್ಮಂಗೆ ಜ್ವರ ಅಂತೆ. ಇವನು ತಮ್ಮನ ಒಳ್ಳೇ ಕೋಟು ಹಾಕ್ಕೊಂಡು ಕುಣಿಯೋಕೆ ಹೋದ. ಹೆಸರೇನು ಅಂತ ಹುಡುಗಿ ಕೇಳಿದ್ರೆ, ತಮಾಷೆಗೆ ತಮ್ಮನ ಹೆಸರು ಹೇಳಿದಾನೆ, ಪೆದ್ದ. ಮುಂದಿನ ಭಾನುವಾರ ಅವಳು ಆ ಹೆಸರು ಹಿಡ್ಕೊಂಡು ಬಂದ್ಳು. ತಮ್ಮ ಅವಳನ್ನ ನೋಡಿದವನೇ ಮನೆಗೆ ಬಂದು ಇವನ ಕಾಲು ಹಿಡ್ಕೊಂಡು ಅತ್ನಂತೆ, ನಿಜ ಹೇಳ್ಬೇಡ ಅಂತ. ಇವನು ಹೇಳ್ಲಿಲ್ಲ. ಮದುವೇಲಿ ಸಾಕ್ಷಿ ನಿಂತು ಸಹಿ ಹಾಕಿ, ಇಲ್ಲಿಗೆ ಬಂದ. ನಂಗೆ ನೀರು ಅಂದ್ರೆ ಆಗಲ್ಲ ಅಂತ ಎಲ್ಲಾರ ಹತ್ರ ಹೇಳ್ಕೊಂಡ."

ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ನಿವೆಸ್‌ಗೆ ತನ್ನ ಅಂಗಾಲಿನ ಕೆಳಗಿನ ನೆಲ ಬಲು ತಣ್ಣಗೆ ಅನ್ನಿಸಿತು. ಅವಳು ಗಂಡನನ್ನು ನೋಡಲಿಲ್ಲ. ನೋಡಿದರೆ ಅವನಿಗೆ ತಡೆಯಲಾಗದೆಂದು ಗೊತ್ತಿತ್ತು.

ಆಗ ಎರ್ಸಿಲಿಯಾ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಅವಳ ಮುಖ ಮೆಲ್ಲಗೆ ಬೆಳಗಿತು.

"ಅಯ್ಯೋ, ಹೊಸ್ತಿಲಲ್ಲೇ ನಿಂತ್ಯಾ? ಒಳಗೆ ಬರೋದಲ್ವಾ, ನೆನೆದು ಹೋಗಿದೀಯ."

ಓಲೆನಾ ಚಿಲಕ ಹಾಕಿದ್ದ ಬಾಗಿಲು ಒಂದು ಗೇಣು ತೆರೆದಿತ್ತು. ಓರೆಸ್ತೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಅವನು ತಿರುಗಲಿಲ್ಲ. ತಿರುಗಲು ಅವನಿಂದ ಆಗಲಿಲ್ಲ.

ನಿವೆಸ್ ಬಾಗಿಲ ಬಳಿಗೆ ಹೋದಳು. ಯಾಕೆ ಹೋದೆ ಎಂದು ಆಮೇಲೆ ಅವಳಿಗೇ ಹೇಳಲಾಗಲಿಲ್ಲ. ಬಾಗಿಲು ಪೂರ್ತಿ ತೆರೆದಳು. ಹೊರಗೆ ಮೆಟ್ಟಿಲ ಸಾಲು, ಮಬ್ಬು, ಕೆಳಗೆಲ್ಲೋ ತೂಬಿನಿಂದ ನೀರು ಸುರಿಯುವ ಸದ್ದು. ಯಾರೂ ಇರಲಿಲ್ಲ. ಆದರೆ ಒಂದು ವಾಸನೆ ಇತ್ತು. ಉಪ್ಪು ಕೆಸರು, ಕೊಳೆತ ಜೊಂಡು, ಇಳಿತದ ಹೊತ್ತಿನಲ್ಲಿ ದೋಣಿಯ ತಳಕ್ಕೆ ಮೆತ್ತಿದ ಪಾಚಿ. ಅದು ಅವರ ಊರಿನ ವಾಸನೆ. ಪೊ ನದಿ ಸಮುದ್ರಕ್ಕೆ ಬೀಳುವ ಕಡೆ ಬಿಟ್ಟು ಬೇರೆಲ್ಲೂ ಅವಳು ಅದನ್ನು ಮೂಸಿರಲಿಲ್ಲ. ಈ ಗುಡ್ಡದ ತುದಿಗೆ ಅದು ಬರುವ ಹಾದಿಯೇ ಇಲ್ಲ.

"ಬಾ," ಎಂದಳು ನಿವೆಸ್, ಮೆಲ್ಲಗೆ. "ಒಳಗೆ ಬಾ."

ಒಬ್ಬ ಆಳು ದಾಟಿ ಬರುವಷ್ಟು ಹೊತ್ತು ಬಾಗಿಲನ್ನು ಹಿಡಿದು ಪಕ್ಕಕ್ಕೆ ಸರಿದು ನಿಂತಳು. ಬರಿಗಾಲಿನ ಬಳಿ ತಣ್ಣನೆಯ ಗಾಳಿ ಹಾದುಹೋಯಿತು. ಆಮೇಲೆ ಬಾಗಿಲು ಮುಚ್ಚಿದಳು.

ಎರ್ಸಿಲಿಯಾಳ ಕಣ್ಣು ಬಾಗಿಲಿನಿಂದ ಮೇಜಿನವರೆಗೆ ಏನನ್ನೋ ಹಿಂಬಾಲಿಸಿ, ತನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ನಿಂತಿತು. ಕುರ್ಚಿಯನ್ನು ನೋಡಿದಳು. ಎದುರಿಗಿದ್ದ ಓರೆಸ್ತೆಯನ್ನು ನೋಡಿದಳು. ಮತ್ತೆ ಕುರ್ಚಿಯನ್ನು ನೋಡಿದಳು.

"ಹಾಗಾದ್ರೆ ನೀನು ಓರೆಸ್ತೆ," ಎಂದಳು.

ಅವನು ಅಂಗೈಯಿಂದ ಕಣ್ಣು ಒತ್ತಿಕೊಂಡ. "ಹೌದಮ್ಮ."

"ಎಷ್ಟು ವರ್ಷ ಕಾದ ಗೊತ್ತಾ ಇವನು? ಪ್ರತಿ ಸಂತರ ಹಬ್ಬಕ್ಕೂ ಒಂದು ತಟ್ಟೆ ಹೆಚ್ಚಿಗೆ ಇಡಿಸ್ತಿದ್ದ. ನಮ್ಮ ಓರೆಸ್ತೆ ಬಂದ್ರೂ ಬರಬಹುದು ಅಂತ." ಕೈ ಚಾಚಿ ಅವನ ಒದ್ದೆ ತಲೆಯ ಮೇಲಿಟ್ಟಳು. "ಅಳ್ಬೇಡ. ಬಂದ್ಯಲ್ಲ. ತಿನ್ನು, ಆರೋಗತ್ತೆ."

ಓರೆಸ್ತೆ ಮೇಜಿನ ಮೇಲೆ ತಲೆಯಿಟ್ಟು, ನಿವೆಸ್ ಯಾವತ್ತೂ ಕೇಳದಿದ್ದ ದನಿಯಲ್ಲಿ ಅತ್ತ. ಎರ್ಸಿಲಿಯಾ ಒಂದು ಕೈಯಿಂದ ಅವನ ತಲೆ ನೇವರಿಸುತ್ತಾ, ಇನ್ನೊಂದು ಕೈಯನ್ನು ಪಕ್ಕದ ಕುರ್ಚಿಯ ತೋಳಿನ ಮೇಲಿಟ್ಟುಕೊಂಡು, ಕೂತಲ್ಲೇ ತೂಕಡಿಸಿದಳು.

ಹೊರಬಂದಾಗ ದೀಪ ಹಚ್ಚುವ ಹೊತ್ತು. ಇಬ್ಬರೂ ಮೇಲ್ಗಾಲುವೆಯ ದಾರಿ ದಾಟಿ ನಡೆದರು. ಮೆಟ್ಟಿಲ ಬುಡದಲ್ಲಿ ಓರೆಸ್ತೆ ನಿಂತ.

"ಬೈಯಬಾರ್ದಾ?" ಎಂದ. "ಹೊಡೀಬಾರ್ದಾ? ಏನಾದ್ರೂ ಅನ್ನು, ನಿವೆಸ್."

"ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಎರಡನೇ ಭಾನುವಾರವೇ. ಮೊದಲನೆಯವನು ಗಾಳಿ ಹಾಗೆ ಕುಣೀತಿದ್ದ. ನೀನು ನನ್ನ ಎರಡೂ ಕಾಲು ತುಳಿದು ನಜ್ಜುಗುಜ್ಜು ಮಾಡಿದೆ. ಒಂದೇ ವಾರದಲ್ಲಿ ಯಾರಾದ್ರೂ ಅಷ್ಟು ಮರೀತಾರಾ?"

"ಮತ್ಯಾಕೆ ಮದುವೆ ಆದೆ?"

"ಅವನು ಬಂದು ಹೇಳಲಿ ಅಂತ ಕಾದೆ. ಏರಿ ಮೇಲೆ ಎದುರಿಗೆ ಸಿಕ್ರೆ ತಲೆ ತಗ್ಗಿಸಿಕೊಂಡು ಹೋಗ್ತಿದ್ದ. ನೀನು ಬಿಡದೆ ಬಂದೆ. ಮಂಜು ಮುಚ್ಚಿದ್ರೂ ಬಂದೆ, ಪ್ರವಾಹದಲ್ಲಿ ದೋಣಿ ಹತ್ತಿ ಬಂದೆ." ಅವಳು ಮುಖದ ಮೇಲಿನ ನೀರು ಒರೆಸಿಕೊಂಡಳು. "ಆಮೇಲೆ ಆಮೇಲೆ, ಬರೋದು ನೀನೇ ಆಗಿರ್ಲಿ ಅನ್ನಿಸ್ತು. ಆದ್ರೆ ಒಂದೊಂದು ಸಲ, ನೀನು ಮಲಗಿರುವಾಗ ನಿನ್ನ ಮುಖ ನೋಡ್ತಾ ಇದ್ರೆ ಅವನ ನೆನಪಾಗ್ತಿತ್ತು. ಸುಳ್ಳು ಹೇಳಲ್ಲ."

ಓರೆಸ್ತೆ ತಲೆಯಾಡಿಸಿದ. ಆಮೇಲೆ ಕೇಳಿದ: "ಬಾಗಿಲಲ್ಲಿ ಯಾರಿದ್ರು?"

ಆ ವಾಸನೆಯ ವಿಷಯ ಹೇಳಬೇಕೆಂದು ನಿವೆಸ್ ಬಾಯಿ ತೆರೆದಳು. ಹೇಳಲಿಲ್ಲ. "ಮೆಟ್ಟಿಲು ಜಾರತ್ತೆ, ನೋಡ್ಕೊಂಡು ಹತ್ತು," ಎಂದಳು. ಹೋಟೆಲಿನ ದಾರಿ ಅವನಿಗೆ ಈಗ ಗೊತ್ತಾಗಲಿಲ್ಲ. ಎರಡು ಸಲ ತಪ್ಪಿ, ಮೂರನೆಯ ಸಲ ಯಾರನ್ನೋ ಕೇಳಿ ಹುಡುಕಿದರು.

ಬೆಳಿಗ್ಗೆ ಅವರು ಎರ್ಸಿಲಿಯಾಳನ್ನೂ ಓಲೆನಾಳನ್ನೂ ಕರೆದುಕೊಂಡೇ ಸಮಾಧಿಯಂಗಳಕ್ಕೆ ಹೋದರು. ಸೇವಂತಿಗೆ ಹಿಡಿದ ಜನ ಎಲ್ಲೆಲ್ಲೂ. ಎಲ್ವಿಯೊ ಶವಪೆಟ್ಟಿಗೆಗಳನ್ನಿಡುವ ಗೋಡೆಗೂಡುಗಳ ಮೂರನೆಯ ಸಾಲಿನಲ್ಲಿದ್ದ. ಕಲ್ಲಿನ ಮೇಲೆ ಪಿಂಗಾಣಿಯಲ್ಲಿ ಅಚ್ಚಾದ ಭಾವಚಿತ್ರ, ಅದರ ಕೆಳಗೆ ಓರೆಸ್ತೆ ಹುಟ್ಟಿದ ತಾರೀಖು. ತನ್ನದೇ ಮುಖದ ಎದುರು ಓರೆಸ್ತೆ ಟೋಪಿ ತೆಗೆದು ನಿಂತ. ಎರ್ಸಿಲಿಯಾ ಚಿತ್ರವನ್ನು ನೋಡಿ, "ಯಾರಪ್ಪ ಪಾಪ, ಒಳ್ಳೇ ಮುಖ," ಎಂದು ಓಲೆನಾಳ ಕಿವಿಯಲ್ಲಿ ಹೇಳಿದಳು. ರಾತ್ರಿಯ ಮಳೆ ಚಿತ್ರದ ಮೇಲೆ ಮಣ್ಣಿನ ಗೆರೆಗಳನ್ನು ಬಿಟ್ಟಿತ್ತು. ನಿವೆಸ್ ಕರವಸ್ತ್ರ ತೆಗೆದು, ತುದಿಗಾಲಲ್ಲಿ ನಿಂತು, ಹಣೆ, ಕೆನ್ನೆ, ತುಟಿ ಎಂದು ಒಂದೊಂದಾಗಿ ಒರೆಸಿದಳು. ಓರೆಸ್ತೆ ಅವಳು ಮುಗಿಸುವವರೆಗೂ ಕಾದ. ಆಮೇಲೆ ಹೂಗಳಿಗೆ ನೀರು ತರಲು ನಲ್ಲಿಯ ಕಡೆ ಹೋದ.